ಓದುಗರ ಪ್ರಶ್ನೆ: ಮೊಬೈಲ್ ನೋಡಿ ಗೋಣು ಹಿಡಿದರೆ ಬೆಲ್ಟ್ ಹಾಕಬೇಕಾ?

ಪ್ರಶ್ನೆ: ನನಗೆ 29 ವರ್ಷ. ಗಂಗಾವತಿಯಲ್ಲಿ ಅಕ್ಕಿ ಅಂಗಡಿಯ ಗಲ್ಲಾದಲ್ಲಿ ಕೂರುತ್ತೇನೆ. ಗಿರಾಕಿ ಇಲ್ಲದಾಗ ಮೊಬೈಲೇ ಗತಿ. ಸಂಜೆ ಹೊತ್ತಿಗೆ ಗೋಣು ಹಿಡಿದುಕೊಂಡು ಭುಜದವರೆಗೂ ನೋವು. ಮೊಬೈಲಿನಿಂದ ಮೂಳೆ ಸವೆಯುತ್ತದಂತೆ, ಹೌದಾ? ಬೆಲ್ಟ್ ಹಾಕಿಕೊಳ್ಳಲಾ?

ಉತ್ತರ: ಬೆಲ್ಟಿಗೆ ಸುಮ್ನೆ ದುಡ್ಡು ಹಾಕಬೇಡಿ. ನೀವು ಬರೆದದ್ದನ್ನು ನೋಡಿದರೆ ಇದು ಸವೆದ ಮೂಳೆಗಿಂತ ದಣಿದ ಸ್ನಾಯುವಿನ ದೂರು ಅನ್ನಿಸುತ್ತದೆ.

ನಮ್ಮ ತಲೆ ಸುಮಾರು 5 ಕೆಜಿ ತೂಗುತ್ತದೆ. ನೆಟ್ಟಗಿದ್ದಾಗ ಆ ಭಾರ ಕುತ್ತಿಗೆಯ 7 ಮೂಳೆಗಳ ಮೇಲೆ ಸಲೀಸಾಗಿ ಕೂರುತ್ತದೆ. ತಲೆ ಮುಂದಕ್ಕೆ ಬಾಗಿತೋ, ಹಿಂದಿನ ಸ್ನಾಯುಗಳು ಅದನ್ನು ಬೀಳದಂತೆ ಎಳೆದು ಹಿಡಿಯಬೇಕು. 60 ಡಿಗ್ರಿ ಬಾಗಿದರೆ ಕುತ್ತಿಗೆ ಮೇಲಿನ ಹೊರೆ ಸುಮಾರು 27 ಕೆಜಿ ಅಂತ ಅಮೆರಿಕದ ಬೆನ್ನುಮೂಳೆ ಸರ್ಜನ್ ಕೆನೆತ್ ಹನ್ಸರಾಜ್ 2014ರಲ್ಲಿ ಲೆಕ್ಕ ಹಾಕಿದರು. ನೀವು ಮಾರುವ 26 ಕೆಜಿ ಸೋನಾಮಸೂರಿ ಚೀಲಕ್ಕಿಂತ ಒಂದು ಕೆಜಿ ಜಾಸ್ತಿ. ಗೋಣಿನ ಮೇಲೆ ಗೋಣಿಚೀಲ!

ಆದರೆ ಅದು ಕಂಪ್ಯೂಟರ್ ಮಾದರಿಯ ಲೆಕ್ಕ. ಜನರ ಕುತ್ತಿಗೆ ಅಳೆದು ಹೇಳಿದ್ದಲ್ಲ. ಬ್ರೆಜಿಲ್‌ನಲ್ಲಿ 18ರಿಂದ 21 ವಯಸ್ಸಿನ 150 ಮಂದಿಯನ್ನು ನೋಡಿದ 2018ರ ಅಧ್ಯಯನದಲ್ಲಿ, ತಲೆ ಬಗ್ಗಿಸಿ ಮೊಬೈಲ್ ನೋಡುವವರಿಗೇ ನೋವು ಜಾಸ್ತಿ ಅಂತೇನೂ ಕಾಣಲಿಲ್ಲ.

ಮತ್ತೆ ನಿಮಗ್ಯಾಕೆ ನೋವು? ಬಗ್ಗಿದ್ದಕ್ಕಿಂತ, ಬಗ್ಗಿದವರು ಹಾಗೇ ಉಳಿದದ್ದು ಕಾರಣ ಅಂತ ನನ್ನ ಲೆಕ್ಕ. ನಿಮ್ಮೂರ ಗದ್ದೆಗಳಲ್ಲಿ ನಾಟಿ ಮಾಡುವ ಹೆಣ್ಣುಮಕ್ಕಳನ್ನು ನೋಡಿ. ಅವರ ಕಷ್ಟ ಸಣ್ಣದಲ್ಲ, ಆದರೂ ಆಗಾಗ ನೆಟ್ಟಗೆ ನಿಂತು, ಸೊಂಟಕ್ಕೆ ಕೈಕೊಟ್ಟು, ಎರಡು ಮಾತಾಡಿ ಮತ್ತೆ ಬಗ್ಗುತ್ತಾರೆ. ರೀಲ್ಸ್ ನೋಡುವವರು ಹೆಬ್ಬೆರಳು ಬಿಟ್ಟು ಬೇರೇನೂ ಅಲುಗಿಸುವುದಿಲ್ಲ.

ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ಹಿಡಿಯಿರಿ ಅಂತ ಎಲ್ಲರೂ ಹೇಳುತ್ತಾರೆ. ಹಿಡಿದು ನೋಡಿ, ಎರಡೇ ನಿಮಿಷಕ್ಕೆ ಕೈ ಸೋಲುತ್ತದೆ. ಅದಕ್ಕೆ ಮೊಣಕೈಯನ್ನು ಗಲ್ಲಾ ಮೇಲೆ ಊರಿ. ಇಲ್ಲವೇ ಲೆಕ್ಕದ ಪುಸ್ತಕಗಳನ್ನು ಒಂದರ ಮೇಲೊಂದು ಇಟ್ಟು, ಮೊಬೈಲನ್ನು ಅದರ ಮೇಲೆ ಒರಗಿಸಿಡಿ. ಉಳಿದದ್ದಕ್ಕೆ ತಲೆ ಬಗ್ಗಿಸದೆ ಕಣ್ಣನ್ನಷ್ಟೇ ಕೆಳಗಿಳಿಸಿದರೆ ಸಾಕು. 20 ನಿಮಿಷಕ್ಕೊಮ್ಮೆ ಎದ್ದೇಳಿ. ಗಿರಾಕಿ ಬಂದರೆ ಕೂತಲ್ಲಿಂದಲೇ ಹುಡುಗನಿಗೆ ಕೂಗಿ ಹೇಳಬೇಡಿ, ನೀವೇ ಎದ್ದು ಚೀಲ ತೋರಿಸಿ. ರಾತ್ರಿ ಎರಡು ದಿಂಬು ಹಾಕಿ, ಗದ್ದ ಎದೆಗೆ ತಾಗುವಂತೆ ಮಲಗಿ ನೋಡುವುದು ಎಲ್ಲಕ್ಕಿಂತ ಕೆಟ್ಟದ್ದು. ಹೇಳುವ ನಾನೂ ಅದನ್ನು ಪೂರ್ತಿ ಬಿಟ್ಟಿಲ್ಲ, ಬಿಡಿ.

ಒಂದು ಸಣ್ಣ ವ್ಯಾಯಾಮವಿದೆ. ನೆಟ್ಟಗೆ ಕೂತು, ನೋಟ ಎದುರಿಗೇ ಇಟ್ಟು, ಗದ್ದವನ್ನು ಹಿಂದಕ್ಕೆ ಎಳೆಯಿರಿ. ತಲೆ ಮೇಲೆ ಕೆಳಗೆ ಆಗಬಾರದು. 5 ಸೆಕೆಂಡ್ ಹಿಡಿದು ಬಿಡಿ, 10 ಸಲ. ನೋಡುವವರಿಗೆ ನಗು ಬರುತ್ತದೆ, ಬರಲಿ. ಆಮೇಲೆ ಎರಡೂ ಭುಜ ಹಿಂದಕ್ಕೆ ತಂದು ಬೆನ್ನ ಮೇಲಿನ ಎರಡು ರೆಕ್ಕೆಮೂಳೆಗಳನ್ನು ಹತ್ತಿರ ಮಾಡಿ. ಸಂಜೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹತ್ತು ನಿಮಿಷ ಕಾವು ಕೊಟ್ಟರೆ ಹಾಯೆನಿಸುತ್ತದೆ.

ಕಟಿಂಗ್ ಶಾಪಿನಲ್ಲಿ ಕುತ್ತಿಗೆಯನ್ನು ಲಟಕ್ಕಂತ ತಿರುಗಿಸಿ ನೆಟಿಗೆ ತೆಗೆಸುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಮಿದುಳಿಗೆ ಹೋಗುವ ರಕ್ತನಾಳ ಕುತ್ತಿಗೆ ಮೂಳೆಗಳ ನಡುವೆಯೇ ಹಾದುಹೋಗುತ್ತದೆ. ಜೋರಾಗಿ ತಿರುಗಿಸಿದರೆ ಅದರ ಒಳಪದರ ಹರಿದು ಪಾರ್ಶ್ವವಾಯು ಆಗಬಹುದು. ಅಪರೂಪ, ಆದರೆ ಆಗಿದ್ದುಂಟು.

ಬೆಲ್ಟ್ ವಿಷಯಕ್ಕೆ ಬಂದರೆ, ತಿಂಗಳುಗಟ್ಟಲೆ ಹಾಕಿಕೊಂಡರೆ ಕೆಲಸವಿಲ್ಲದೆ ಸ್ನಾಯು ಇನ್ನಷ್ಟು ಸೋಲುತ್ತದೆ. ಡಾಕ್ಟರ್ ಹೇಳಿದರೆ, ಹೇಳಿದಷ್ಟು ದಿನ ಮಾತ್ರ. ಎಕ್ಸ್‌ರೇಯಲ್ಲಿ ‘ಸವೆತ’ ಅಂತ ಬರೆದಿದ್ದರೂ ಗಾಬರಿ ಬೇಡ. ವಯಸ್ಸಾಗುತ್ತಾ ಬಂದಂತೆ, ನೋವೇ ಇಲ್ಲದ ಎಷ್ಟೋ ಜನರಲ್ಲೂ ಅದು ಕಾಣಿಸುತ್ತದೆ.

ಆದರೆ ಕೈ ಜೋಮು ಹಿಡಿಯುವುದು, ಹಿಡಿದ ಲೋಟ ಜಾರುವುದು, ನಡಿಗೆ ತೂರಾಡುವುದು, ಮೂತ್ರದ ಹಿಡಿತ ತಪ್ಪುವುದು, ಜ್ವರದ ಜೊತೆ ಕುತ್ತಿಗೆ ಸೆಟೆಯುವುದು, ಬಿದ್ದ ಮೇಲೆ ಶುರುವಾದ ನೋವು: ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಕುತ್ತಿಗೆ, ದವಡೆ, ಎಡಗೈ ನೋವಿನ ಜೊತೆ ಎದೆ ಹಿಂಡಿದಂತಾಗಿ ಬೆವರು ಬಂದರೆ ಅದು ಹೃದಯದ್ದಿರಬಹುದು. ಆಗ 108ಕ್ಕೆ ಫೋನ್ ಮಾಡಿ.