ಕುದಿಸಿದ್ರೆ ಹೋಗಲ್ಲ ಅತ್ತೆ

"ಮಳಮಳ ಅಂತ ಕುದಿಸಿದ್ನಲ್ಲೋ!" ನಮ್ಮ ಸೋದರತ್ತೆಯ ಮಾತು. ಲ್ಯಾಬಿನಲ್ಲಿ ಕೂತು ಇದೇ ಮಾತನ್ನು ಎಷ್ಟು ಸಲ ಕೇಳಿದ್ದೇನೋ, ಲೆಕ್ಕವಿಲ್ಲ. ಮಧ್ಯಾಹ್ನದ ಶಾವಿಗೆ ಪಾಯಸ ರಾತ್ರಿವರೆಗೂ ಕಟ್ಟೆಯ ಮೇಲಿತ್ತು. ಮತ್ತೆ ಕುದಿಸಿ ಬಡಿಸಿದರು. ಮೂರು ಗಂಟೆಯೊಳಗೆ ಐದೂ ಜನರಿಗೆ ವಾಂತಿ. ಅತ್ತೆಯ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಈಳಿಗೆ ತಾಗಿ ಕೀವಾಗಿತ್ತಂತೆ.

ಆ ಕೀವಿನಿಂದ ಪಾಯಸಕ್ಕಿಳಿದ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಕುದಿಸಿದರೆ ಸಾಯುತ್ತದೆ, ಒಪ್ಪಿದೆ. ಆದರೆ ಅಷ್ಟರೊಳಗೆ ಅದು ಪಾಯಸಕ್ಕೆ ಬಿಟ್ಟ ಎಂಟೆರೊಟಾಕ್ಸಿನ್ ಎಂಬ ಪ್ರೋಟೀನು ವಿಷಕ್ಕೆ ಜೀವವೇ ಇಲ್ಲ. ಸಾಯಿಸೋದು ಯಾವುದನ್ನ?

ಮೊಟ್ಟೆಯ ಬಿಳಿಯೂ ಪ್ರೋಟೀನು, ಬೆಂದರೆ ಗಟ್ಟಿಯಾಗುತ್ತದಲ್ವಾ, ಅನ್ನಬಹುದು. ಇದು ಬೇರೆ ಜಾತಿ. ಬಿ ಮಾದರಿಯ ವಿಷದಲ್ಲಿ 239 ಅಮೈನೊ ಆಮ್ಲಗಳ ಸರಪಳಿ ಎರಡು ಉಂಡೆಯಾಗಿ ಬಿಗಿಯಾಗಿ ಮಡಿಚಿಕೊಂಡಿದೆ. ಒಂದು ಉಂಡೆಯ ಮೇಲೆ ಗಂಧಕದ ಕೊಂಡಿ ಹಾಕಿದ ಕುಣಿಕೆ. ಜಠರದಲ್ಲಿ ಪ್ರೋಟೀನು ಜೀರ್ಣಿಸುವ ಪೆಪ್ಸಿನ್‌ಗೂ ಜಗ್ಗುವುದಿಲ್ಲ. ತುಂಬಾ ಹೊತ್ತು ಜಾಸ್ತಿ ಶಾಖ ಕೊಟ್ಟರೆ ಕಮ್ಮಿಯಾಗುತ್ತದೆ ನಿಜ, ಅಡುಗೆಮನೆಯಲ್ಲಿ ಅದನ್ನು ನಂಬಿ ಕೂರಬೇಡಿ.

ಈ ವಿಷಗಳ ಬಳಗಕ್ಕೆ ಸೂಪರ್‌ಆಂಟಿಜೆನ್ ಎಂಬ ಹೆಸರು ಬಂದದ್ದು 1989ರಲ್ಲಿ, ಫಿಲಿಪ್ಪಾ ಮ್ಯಾರಾಕ್ ಮತ್ತು ಜಾನ್ ಕ್ಯಾಪ್ಲರ್ ಅವರ ತಂಡದಿಂದ. ಹೊರಗಿನ ಪ್ರೋಟೀನು ಒಳಗೆ ಬಂದರೆ ನಮ್ಮ ಜೀವಕೋಶ ಅದನ್ನು ತುಂಡು ಮಾಡಿ, ಎಂಎಚ್‌ಸಿ ಎಂಬ ಅಣುವಿನ ಸೀಳಿನಲ್ಲಿಟ್ಟು ತೋರಿಸುತ್ತದೆ. ಆ ತುಂಡಿಗೆ ಹೊಂದುವ ಟಿ ಕೋಶ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ಮಾತ್ರ ಎಚ್ಚರಾಗುತ್ತದೆ, ಹತ್ತು ಸಾವಿರಕ್ಕೆ ಒಂದೋ, ಅದಕ್ಕೂ ಕಮ್ಮಿಯೋ. ಜಾತಕ ಕೂಡಿದರಷ್ಟೇ ಮದುವೆ. ಈ ವಿಷ ತುಂಡಾಗುವುದೇ ಇಲ್ಲ. ಸೀಳಿನ ಗೊಡವೆಗೆ ಹೋಗದೆ, ಒಂದು ಕಡೆ ಎಂಎಚ್‌ಸಿಯನ್ನೂ ಇನ್ನೊಂದು ಕಡೆ ಟಿ ಕೋಶದ ವಿ-ಬೀಟಾ ಭಾಗವನ್ನೂ ಹೊರಗಿನಿಂದಲೇ ಹಿಡಿಯುತ್ತದೆ. ಜಾತಕ ನೋಡದೆ ಸೆರಗಿಗೂ ಶಲ್ಯಕ್ಕೂ ಗಂಟು! ವಿ-ಬೀಟಾದಲ್ಲಿ ಇರುವುದೇ ಕೆಲವು ಡಜನ್ ಬಗೆ. ಹಾಗಾಗಿ ನೂರಕ್ಕೆ ಇಪ್ಪತ್ತರವರೆಗೂ ಟಿ ಕೋಶಗಳು ಸುಮ್ನೆ ಒಟ್ಟಿಗೆ ರೇಗಿ ಏಳಬಹುದು.

ವಾಂತಿಗೆ ಈ ಗಂಟೇ ಕಾರಣ ಎಂದು ಹೇಳಲಾರೆ, ಅದು ಬೇರೆ ಗುಣ. ಅದಕ್ಕೆ ಆ ಕುಣಿಕೆಯ ಸುತ್ತಲಿನ ಆಕಾರ ಬೇಕೆಂದು ಕಾಣುತ್ತದೆ. ಇದೇ ಬಳಗದ ಟಿಎಸ್ಎಸ್‌ಟಿ-1 ಎಂಬ ವಿಷಕ್ಕೆ ಕುಣಿಕೆ ಇಲ್ಲ, ಅದು ವಾಂತಿ ವಿಷವೂ ಅಲ್ಲ. ಆದರೆ ಗಾಯದಿಂದಲೋ ಟ್ಯಾಂಪೂನಿನಿಂದಲೋ ರಕ್ತ ಸೇರಿದರೆ ಟಾಕ್ಸಿಕ್ ಶಾಕ್: ಜ್ವರ, ಬಿಸಿಲಿಗೆ ಸುಟ್ಟಂತೆ ಕೆಂಪಾದ ಮೈ, ಬಿಪಿ ಕುಸಿತ. ಆಗ ಮನೆಮದ್ದು ಬೇಡ, ಆಸ್ಪತ್ರೆಗೆ ಓಡಿ.

ನಮ್ಮವರು ಓಆರ್‌ಎಸ್ ಕುಡಿದು ಮರುದಿನ ಎದ್ದು ಓಡಾಡಿದರು. ಸಂಜೆ ಅತ್ತೆಯ ಫೋನು.

"ಕುಕ್ಕರಿನಲ್ಲಿ ಎರಡು ವಿಷಲ್ ಕೂಗಿಸಿದ್ರೆ?"

"ಫ್ರಿಜ್ಜಿನಲ್ಲಿಡಿ ಅತ್ತೆ. ಮಧ್ಯಾಹ್ನವೇ."