ಡ್ರೋನ್ ವಿಡಿಯೋ ಎಡಿಟರ್‌ನಲ್ಲಿ ತೆರೆಯುತ್ತಿಲ್ಲವೇ? ಮೊದಲು ತಪ್ಪು ಎಲ್ಲಿದೆ ನೋಡಿ

ಫೈಲ್ ತೆರೆಯಲಿಲ್ಲ ಅಂತ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ಅದೇ ಕಾರ್ಡ್‌ನಲ್ಲಿ ಮತ್ತೆ ಶೂಟ್ ಕೂಡ ಮಾಡಬೇಡಿ. ಮೊದಲು ಕಾರ್ಡ್‌ನಲ್ಲಿರುವ ಫೈಲ್ ಮತ್ತು ಕಂಪ್ಯೂಟರ್‌ಗೆ ಕಾಪಿ ಆಗಿರುವ ಫೈಲ್, ಎರಡರ ಸೈಜನ್ನೂ ಬೈಟ್ ಲೆಕ್ಕದಲ್ಲಿ ಹೋಲಿಸಿ. ವ್ಯತ್ಯಾಸ ಇದ್ದರೆ ಕಾಪಿ ಅರ್ಧಕ್ಕೆ ನಿಂತಿದೆ ಅಷ್ಟೇ. ಬೇರೆ ಕಾರ್ಡ್ ರೀಡರ್ ಹಾಕಿ ಮತ್ತೆ ಕಾಪಿ ಮಾಡಿ.

ಸೈಜ್ ಸರಿಯಿದ್ದರೆ ವಿಎಲ್‌ಸಿ ಪ್ಲೇಯರ್‌ನಲ್ಲಿ ಹಾಕಿ ನೋಡಿ. ವಿಎಲ್‌ಸಿ ತನಗೆ ಬೇಕಾದ ಡಿಕೋಡರ್‌ಗಳನ್ನು ತಾನೇ ಇಟ್ಟುಕೊಂಡಿರುತ್ತದೆ, ಹಾಗಾಗಿ ಅಲ್ಲಿ ಕೊನೆಯವರೆಗೂ ಓಡಿದರೆ ಫೈಲ್ ಬಹುತೇಕ ಚೆನ್ನಾಗಿದೆ, ನಿಮ್ಮ ಎಡಿಟರ್‌ಗೆ ಆ ಕೋಡೆಕ್ (ವಿಡಿಯೋವನ್ನು ಕುಗ್ಗಿಸಿಡುವ ವಿಧಾನ) ಬರುವುದಿಲ್ಲ ಅಂತ ಅರ್ಥ. ಅಲ್ಲೂ ಓಡದಿದ್ದರೆ ಫೈಲೇ ಅಪೂರ್ಣ ಇರಬಹುದು. ಇವೆರಡೂ ಬೇರೆ ಬೇರೆ ಕಾಯಿಲೆ. ಇದನ್ನು ಗುರುತಿಸದೆ ಸುಮ್ನೆ ಕನ್ವರ್ಟರ್ ಮೇಲೆ ಕನ್ವರ್ಟರ್ ಇನ್‌ಸ್ಟಾಲ್ ಮಾಡುವುದರಲ್ಲೇ ಜಾಸ್ತಿ ಸಮಯ ಹೋಗುತ್ತದೆ.

ಮೊದಲು ಕೋಡೆಕ್ ವಿಷಯ. ಎಂಪಿ4 ಅನ್ನುವುದು ಕಂಟೇನರ್, ಅಂದರೆ ಡಬ್ಬಿಯ ಹೆಸರು ಮಾತ್ರ. ಒಳಗೆ ಎಚ್.264 ಇರಬಹುದು, ಎಚ್.265 ಅಂದರೆ ಎಚ್‌ಇವಿಸಿ ಇರಬಹುದು. ಮೀಡಿಯಾಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಫೈಲ್ ಹಾಕಿದರೆ ಇದು ಗೊತ್ತಾಗುತ್ತದೆ. ಅಲ್ಲಿ 'ಎಚ್‌ಇವಿಸಿ, ಮೇನ್ 10' ಅಂತ ಕಂಡರೆ ಅದು 10 ಬಿಟ್ ವಿಡಿಯೋ, ಅಂದರೆ 8 ಬಿಟ್‌ಗಿಂತ ಬಣ್ಣದ ಛಾಯೆಗಳು ಹೆಚ್ಚು. ಹಳೆಯ ಲ್ಯಾಪ್‌ಟಾಪ್ ತಿಣುಕುವುದು ಇಲ್ಲೇ: ಇಂಟೆಲ್‌ನ 6ನೇ ತಲೆಮಾರಿನ ಚಿಪ್‌ಗಳು 8 ಬಿಟ್ ಎಚ್‌ಇವಿಸಿಯನ್ನು ಹಾರ್ಡ್‌ವೇರ್‌ನಲ್ಲೇ ಪೂರ್ತಿ ಬಿಡಿಸುತ್ತವೆ, 10 ಬಿಟ್‌ಗೆ ಆ ಸೌಲಭ್ಯ ಸರಿಯಾಗಿ ಸಿಕ್ಕಿದ್ದು 7ನೇ ತಲೆಮಾರಿನಿಂದ. ವಿಂಡೋಸ್ 10ರಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನ ಎಚ್‌ಇವಿಸಿ ಎಕ್ಸ್‌ಟೆನ್ಷನ್ ಇಲ್ಲದಿದ್ದರೆ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಆಡಿಯೋ ಮಾತ್ರ ಬಂದು ಚಿತ್ರ ಕಪ್ಪಾಗಿರುತ್ತದೆ. ಲಿನಕ್ಸ್‌ನಲ್ಲಿ ಡಾವಿಂಚಿ ರಿಸಾಲ್ವ್ ಎಡಿಟರ್‌ನ ಉಚಿತ ಆವೃತ್ತಿ ಎಚ್.264 ಅನ್ನೂ ಓದುವುದಿಲ್ಲ, ಆದ್ದರಿಂದ ಅಲ್ಲಿ ಫೈಲನ್ನು ಬೈದು ಪ್ರಯೋಜನ ಇಲ್ಲ.

ಇದಕ್ಕೆ ಪರಿಹಾರ ಟ್ರಾನ್ಸ್‌ಕೋಡ್, ಅಂದರೆ ವಿಡಿಯೋವನ್ನು ಬೇರೆ ಕೋಡೆಕ್‌ಗೆ ಬದಲಿಸುವುದು. ಶಟರ್ ಎನ್‌ಕೋಡರ್ ಅಥವಾ ಎಫ್ಎಫ್‌ಎಂಪೆಗ್ ಅನ್ನುವ ಸಾಫ್ಟ್‌ವೇರ್‌ನಿಂದ ಪ್ರೋರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಅನ್ನುವ ಎಡಿಟಿಂಗ್ ಕೋಡೆಕ್‌ಗೆ ಮಾಡಿಕೊಳ್ಳಿ. ಡಿಎನ್‌ಎಕ್ಸ್‌ಎಚ್‌ಆರ್ ಆರಿಸುವಾಗ ಒಂದು ಎಚ್ಚರ: ಎಚ್‌ಕ್ಯೂ ಅಂದರೆ 8 ಬಿಟ್. ನೀವು ಡಿ-ಲಾಗ್‌ನಲ್ಲಿ (ಬಣ್ಣ ಆಮೇಲೆ ತಿದ್ದಲೆಂದೇ ಇರುವ ಮಂದ ಬಣ್ಣದ ಮೋಡ್) 10 ಬಿಟ್ ಶೂಟ್ ಮಾಡಿದ್ದರೆ ಎಚ್‌ಕ್ಯೂಎಕ್ಸ್ ಆರಿಸಿ. ಇಲ್ಲದಿದ್ದರೆ ಆಕಾಶದ ಬಣ್ಣ ಗ್ರೇಡ್ ಮಾಡುವಾಗ ಪಟ್ಟಿ ಪಟ್ಟಿಯಾಗಿ ಕಾಣುತ್ತದೆ, ಅಷ್ಟು ಕಷ್ಟಪಟ್ಟು ತೆಗೆದ ಶಾಟ್ ಅಲ್ವಾ. ಜಾಗವೂ ಬೇಕು: 4ಕೆ, 30 ಫ್ರೇಮ್‌ನ ಒಂದು ನಿಮಿಷಕ್ಕೆ ಪ್ರೋರೆಸ್ 422ರಲ್ಲಿ 4 ಜಿಬಿ ದಾಟುತ್ತದೆ.

ಕಾರ್ಡ್‌ನಲ್ಲಿ ಕಾಣುವ ಎಲ್‌ಆರ್‌ಎಫ್ ಫೈಲ್ ಮೂಲ ವಿಡಿಯೋ ಅಲ್ಲ, ಕಡಿಮೆ ರೆಸಲ್ಯೂಶನ್‌ನ ಪ್ರೀವ್ಯೂ. ಎಸ್‌ಆರ್‌ಟಿ ಬರೀ ಹಾರಾಟದ ಮಾಹಿತಿ. ಇವು ಎಡಿಟರ್‌ನಲ್ಲಿ ವಿಡಿಯೋ ಆಗಿ ತೆರೆಯದಿದ್ದರೆ ಗಾಬರಿ ಬೇಡ.

ಈಗ ಅಪೂರ್ಣ ಫೈಲ್. ಎಫ್ಎಫ್‌ಎಂಪೆಗ್ 'ಮೂವ್ ಆಟಮ್ ನಾಟ್ ಫೌಂಡ್' ಅಂದರೆ ಕಥೆ ಇದು. ಚಿತ್ರ, ಧ್ವನಿ ಎಲ್ಲ ಫೈಲ್‌ನ ಎಂಡ್ಯಾಟ್ ಅನ್ನುವ ಭಾಗದಲ್ಲಿರುತ್ತವೆ. ಯಾವ ಫ್ರೇಮ್ ಎಲ್ಲಿದೆ ಅನ್ನುವ ಲೆಕ್ಕ ಮೂವ್ ಅನ್ನುವ ಭಾಗದಲ್ಲಿ ಇರುತ್ತದೆ, ಅದನ್ನು ಡ್ರೋನ್ ಸಾಮಾನ್ಯವಾಗಿ ರೆಕಾರ್ಡಿಂಗ್ ನಿಲ್ಲಿಸಿದಾಗ ಬರೆಯುತ್ತದೆ. ಡ್ರೋನ್ ಬಿದ್ದರೆ, ಇಲ್ಲವೇ ಸ್ಟಾಪ್ ಒತ್ತುವ ಮೊದಲೇ ಬ್ಯಾಟರಿ ತೆಗೆದರೆ, ಆ ಲೆಕ್ಕ ಬರೆಯುವುದೇ ಇಲ್ಲ. ಗೋದಾಮಿನ ತುಂಬ ಮೂಟೆ ಇದೆ, ಯಾವುದು ಯಾರದ್ದು ಅನ್ನುವ ಲೆಕ್ಕದ ಪುಸ್ತಕ ಮಾತ್ರ ಇಲ್ಲ. ಆದ್ದರಿಂದ ಇಲ್ಲಿ ಕನ್ವರ್ಟರ್ ಕೆಲಸಕ್ಕೆ ಬರುವುದಿಲ್ಲ.

ಡಿಜೆಐನ ಹಲವು ಮಾದರಿಗಳಲ್ಲಿ ಕಾರ್ಡ್ ವಾಪಸ್ ಹಾಕಿ ಡ್ರೋನ್ ಆನ್ ಮಾಡಿದರೆ ಡ್ರೋನೇ ಫೈಲ್ ಸರಿಮಾಡಲು ನೋಡುತ್ತದೆ. ಆದರೆ ಅದು ಕಾರ್ಡ್ ಮೇಲೇ ಬರೆಯುತ್ತದೆ, ಹಾಗಾಗಿ ಮೊದಲು ಇಡೀ ಕಾರ್ಡ್‌ನ ಇಮೇಜ್, ಅಂದರೆ ಯಥಾವತ್ ನಕಲು, ತೆಗೆದಿಡಿ. ಅದೂ ಆಗದಿದ್ದರೆ ಅನ್‌ಟ್ರಂಕ್ ಅನ್ನುವ ರಿಪೇರಿ ಸಾಫ್ಟ್‌ವೇರ್ ಇದೆ. ಅದಕ್ಕೆ ಅದೇ ಡ್ರೋನ್‌ನಲ್ಲಿ, ಅದೇ ರೆಸಲ್ಯೂಶನ್, ಅದೇ ಫ್ರೇಮ್ ರೇಟ್, ಅದೇ ಕೋಡೆಕ್‌ನಲ್ಲಿ ತೆಗೆದ ಒಂದು ಒಳ್ಳೆಯ ಫೈಲ್ ಮಾದರಿಯಾಗಿ ಬೇಕು. ಇಲ್ಲದಿದ್ದರೆ ಬೇರೆ ಕಾರ್ಡ್ ಹಾಕಿ ಅದೇ ಸೆಟ್ಟಿಂಗ್‌ನಲ್ಲಿ ಚಿಕ್ಕ ಕ್ಲಿಪ್ ತೆಗೆದುಕೊಳ್ಳಿ. ರಿಕವರಿ ಮಾಡುವವರಿಗೆ ದುಡ್ಡು ಕೊಡುವ ಮೊದಲು ಫೈಲನ್ನು ಹೆಕ್ಸ್ ಎಡಿಟರ್‌ನಲ್ಲಿ (ಫೈಲ್‌ನ ಬೈಟ್‌ಗಳನ್ನು ಹಾಗೇ ತೋರಿಸುವ ಸಾಫ್ಟ್‌ವೇರ್) ತೆರೆದು ನೋಡಿ. ಮೊದಲಿನಿಂದ ಕೊನೆಯವರೆಗೂ ಬರೀ ಸೊನ್ನೆ ಇದ್ದರೆ ಆ ಫೈಲ್‌ನೊಳಗೆ ವಿಡಿಯೋನೇ ಇಲ್ಲ, ಅದನ್ನು ಯಾರೂ ರಿಪೇರಿ ಮಾಡಿಕೊಡಲಾರರು.