ಡಿಮೆನ್ಷಿಯಾ ಇರೋರ ಮೈನೋವು ಯಾಕೆ ಯಾರ ಕಣ್ಣಿಗೂ ಬೀಳಲ್ಲ?

ರಾತ್ರಿಯೆಲ್ಲ ಕೂಗಾಟ, ಸ್ನಾನ ಮಾಡಿಸೋಕೆ ಹೋದ್ರೆ ಹೊಡೆಯೋಕೆ ಬರೋದು, ಊಟದ ತಟ್ಟೆ ತಳ್ಳೋದು. ಡಿಮೆನ್ಷಿಯಾ, ಅಂದ್ರೆ ನೆನಪು, ಬುದ್ಧಿ ಕುಂದುತ್ತಾ ಹೋಗೋ ಕಾಯಿಲೆ, ಇರೋರು ಹೀಗಾಡಿದ್ರೆ 'ಕಾಯಿಲೆ ಜಾಸ್ತಿ ಆಯ್ತು' ಅಂತ ಮನೆಯವರೂ ಅಂತಾರೆ ಡಾಕ್ಟರೂ ಅಂತಾರೆ, ಆದ್ರೆ ಎಷ್ಟೋ ಸಲ ಅಸಲಿ ಕಾರಣ ಹುಳುಕು ಹಲ್ಲು, ಉರಿಮೂತ್ರ, ಇಲ್ಲಾ ನಾಲ್ಕು ದಿನದಿಂದ ಕಟ್ಟಿಕೊಂಡಿರೋ ಮಲ. ವಯಸ್ಸಾದವರಿಗೆ ಸೋಂಕಾದ್ರೂ ಜ್ವರ ಬರಲೇಬೇಕು ಅಂತೇನಿಲ್ಲ ಬೇರೆ.

ಈ ಗೋಜಲು ಶುರುವಾಗಿದ್ದೇ ಡಿಮೆನ್ಷಿಯಾದ ಮುಖ್ಯ ಬಗೆಯಾದ ಆಲ್ಜೈಮರ್ ಕಾಯಿಲೆಯ ಮೊದಲ ಪೇಷಂಟ್‌ನಿಂದ ಅನ್ನಬಹುದು. ಜರ್ಮನಿಯಲ್ಲಿ ಡಾ. ಆಲ್ಜೈಮರ್ ನೋಡಿದ ಆಗುಸ್ಟೆ ಡೀಟರ್ 1906ರಲ್ಲಿ ತೀರಿಕೊಂಡಿದ್ದು ಹಾಸಿಗೆ ಹುಣ್ಣಿನ ನಂಜು ರಕ್ತಕ್ಕೇರಿ. ಚರಿತ್ರೆಗೆ ಸೇರಿದ್ದು ಮಾತ್ರ ಆಕೆಯ ಮೆದುಳು. ಆಮೇಲೆ ಎಂಟೊಂಬತ್ತು ದಶಕ ಎಲ್ಲರ ಗಮನ ಅಲ್ಲೇ, ನಮ್ಮ ಕಡೆ ಅರಳುಮರಳು ಅಂದು ಸುಮ್ನಾಗ್ತಿದ್ರು.

2000ದಲ್ಲಿ ನ್ಯೂಯಾರ್ಕ್‌ನಲ್ಲಿ ಸೊಂಟದ ಮೂಳೆ ಮುರಿದವರನ್ನ ಹೋಲಿಸಿ ನೋಡಿದ್ರು. ಡಿಮೆನ್ಷಿಯಾ ಮುಂದುವರಿದವರಿಗೆ ಸಿಕ್ಕ ಮಾರ್ಫಿನ್ (ಬಲವಾದ ನೋವಿನ ಮದ್ದು) ಡಿಮೆನ್ಷಿಯಾ ಇಲ್ಲದವರಿಗೆ ಸಿಕ್ಕಿದ್ದರಲ್ಲಿ ಮೂರನೇ ಒಂದು ಪಾಲು. ಮುರಿದ ಮೂಳೆ ಅದೇ, ನೋವು ಅಂತ ಹೇಳೋಕೆ ಬಾಯಿಲ್ಲ ಅಷ್ಟೇ. 2003ರಲ್ಲಿ ಪೇನಾಡ್ ಅನ್ನೋ ನೋವಿನ ಅಳತೆ ಬಂತು: ಉಸಿರು, ನರಳಾಟ, ಮುಖ, ಮೈಯ ಬಿಗಿತ, ಸಮಾಧಾನ ಮಾಡಿದ್ರೆ ಸುಮ್ನಾಗ್ತಾರಾ, ಈ ಐದನ್ನ ನೋಡಿ ಹತ್ತಕ್ಕೆ ಮಾರ್ಕ್ಸ್ ಹಾಕೋದು. ಐದು ನಿಮಿಷದ ಕೆಲಸ, ಆದ್ರೂ ಕೈಗೆ ಮೊದಲು ಸಿಗ್ತಿದ್ದಿದ್ದು ಮಂಕು ಹಿಡಿಸೋ ಮಾತ್ರೆನೇ. ಆ್ಯಂಟಿಸೈಕೋಟಿಕ್ ಅನ್ನೋ ಈ ಮಾತ್ರೆಗಳಿಂದ ಇವರಲ್ಲಿ ಸಾವು ಹೆಚ್ಚುತ್ತೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದ್ದು 2005ರಲ್ಲಿ, 2009ರ ಬ್ರಿಟನ್ ವರದಿ ಅಲ್ಲಿ ಸುಮಾರು 1,80,000 ಡಿಮೆನ್ಷಿಯಾ ರೋಗಿಗಳು ಅದನ್ನ ತಗೋತಿದ್ದಾರೆ, ವರ್ಷಕ್ಕೆ 1,800 ಹೆಚ್ಚುವರಿ ಸಾವು ಅಂತ ಅಂದಾಜು ಹಾಕ್ತು. ಎರಡು ವರ್ಷ ಬಿಟ್ಟು ನಾರ್ವೆಯ 18 ನರ್ಸಿಂಗ್ ಹೋಮ್‌ಗಳಲ್ಲಿ, ತುಂಬಾ ರೇಗಾಡ್ತಿದ್ದವರಿಗೆ ಎಂಟು ವಾರ ನೋವಿನ ಮದ್ದು ಕೊಟ್ಟು ನೋಡಿದ್ರು, ಹೆಚ್ಚಿನವರಿಗೆ ಕೊಟ್ಟಿದ್ದು ಬರೀ ಪ್ಯಾರಾಸಿಟಮಾಲ್. ರೇಗಾಟ ಶೇ. 17ರಷ್ಟು ಇಳೀತು!

ಈಗ ಇನ್ನೊಂದು ಅತಿ ಶುರುವಾಗಿದೆ, ಸ್ವಲ್ಪ ಗಲಿಬಿಲಿ ಕಂಡ್ರೆ ಯೂರಿನ್ ಟೆಸ್ಟ್, ಬ್ಯಾಕ್ಟೀರಿಯಾ ಕಂಡ್ರೆ ಆ್ಯಂಟಿಬಯೋಟಿಕ್. ಆದ್ರೆ ವಯಸ್ಸಾದ ಹೆಂಗಸರಲ್ಲಿ ಏನೂ ತೊಂದ್ರೆ ಮಾಡದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರೋದು ಮಾಮೂಲು.

ನಮ್ಮ ದೇಶದಲ್ಲಿ ಅರವತ್ತು ದಾಟಿದ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ ಅನ್ನೋ ಅಂದಾಜಿದೆ, ಹೆಚ್ಚಿನವರು ಮನೆಯಲ್ಲೇ ಇದ್ದಾರೆ. ಮೂರೇ ದಿನದಲ್ಲಿ ಆಳೇ ಬದಲಾದ್ರೆ ಅದು ಮರೆವಿನ ವೇಗ ಅಲ್ಲ, ಮೈಯಲ್ಲಿ ಏನೋ ಆಗಿದೆ ಅಂತ ಲೆಕ್ಕ. ಅದನ್ನ ಮೊದಲು ಗಮನಿಸೋದು ಸ್ನಾನ ಮಾಡಿಸೋ ಸೊಸೆನೋ ಕೆಲಸದವಳೋ, ಓಪಿಡಿಗೆ ಹೋದಾಗ ಫೈಲ್ ಹಿಡಿದು ಮಾತಾಡೋದು ಮಾತ್ರ ಮಗ.